ಮರೆಗುಳಿತನದ ಆರೈಕೆಗೆ ಕೈಯಲ್ಲಿರುವ ಫೋನು

ರಾತ್ರಿ ಎರಡಕ್ಕೆದ್ದು ‘ನಮ್ಮಟ್ಟಿಗೆ ಹೋಯ್ತೀನಿ’ ಎಂದು ಚಿಲಕ ತೆಗೆಯುವ ಅತ್ತೆ, ಡಾಕ್ಟರ ಮುಂದೆ ಮಾತ್ರ ‘ಚೆನ್ನಾಗಿವ್ನಿ ಕಣಪ್ಪ’ ಅನ್ನುತ್ತಾರೆ. ಸೊಸೆ ಹೇಳಿದ್ದು ಚಾಡಿಯಂತೆ ಕೇಳಿಸುತ್ತದೆ. ಫೋನಿನಲ್ಲಿ ಒಂದೆರಡು ನಿಮಿಷದ ವಿಡಿಯೊ ಇದ್ದರೆ ಆ ಕಷ್ಟವಿಲ್ಲ. ಅದು ಡಾಕ್ಟರಿಗೆ ಮಾತ್ರ; ನೆಂಟರ ವಾಟ್ಸ್ಆ್ಯಪ್ ಗುಂಪಿಗಲ್ಲ.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದ ಹಳ್ಳಿಗಳಲ್ಲಿ 60 ದಾಟಿದವರ ಪೈಕಿ ಶೇ 8.4 ಮಂದಿಗೆ ಮರೆಗುಳಿತನ (ಡಿಮೆನ್ಷಿಯಾ) ಇದೆ. ನಗರಗಳಲ್ಲಿ ಶೇ 5.3. ಮೊದಲ ತಪಾಸಣೆ ಎದುರಾಎದುರೇ ಆಗಬೇಕು. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ. ಮಂಡ್ಯ ಜಿಲ್ಲೆಯಲ್ಲಾದರೆ ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಅಥವಾ ಮಂಡ್ಯದ ಮಿಮ್ಸ್ ಆಸ್ಪತ್ರೆ. ಕೆ.ಆರ್. ಪೇಟೆಯವರಿಗೆ ಎಲ್ಲವೂ ದೂರವೇ. ಆಮೇಲಿನ ಬಿಪಿ, ಶುಗರ್ ವಿಚಾರಣೆಗೆ ಊರಿನ ಉಪಕೇಂದ್ರದಿಂದಲೇ ಇ-ಸಂಜೀವಿನಿ ಇದೆ: ಸಮುದಾಯ ಆರೋಗ್ಯ ಅಧಿಕಾರಿ ಅಲ್ಲೇ ಪರೀಕ್ಷಿಸಿ, ವಿಡಿಯೊದಲ್ಲಿ ಡಾಕ್ಟರನ್ನು ಮಾತಾಡಿಸಿ, ಚೀಟಿ ಕೊಡುತ್ತಾರೆ.

ದೊಡ್ಡ ಭಯ ಮನೆಬಿಟ್ಟು ಹೋಗುವುದು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಪಕ್ಕದ ಊರುಗಳಲ್ಲಂತೂ ಹುಡುಕುವವರು ಮೊದಲು ನಾಲೆ ಏರಿಗೇ ಓಡುತ್ತಾರೆ. ಅಂಗಡಿಯವರು ತೋರಿಸುವ ಬ್ಲೂಟೂತ್ ಬಿಲ್ಲೆ ಇಲ್ಲಿಗೆ ಒಗ್ಗುವುದಿಲ್ಲ. ಸುತ್ತಮುತ್ತ ಬೇರೆಯವರ ಫೋನುಗಳಿದ್ದರಷ್ಟೇ ಅದು ಸುಳಿವು ಕೊಡುತ್ತದೆ, ಕಬ್ಬಿನ ಗದ್ದೆಯಲ್ಲಿ ಫೋನೆಲ್ಲಿ? ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರೇ ಬೇಕು. ಅದು ಉಪಗ್ರಹದಿಂದ ಜಾಗ ತಿಳಿದು ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಕೊನೆಗೆ ಕಂಡ ಜಾಗ ತೋರಿಸುತ್ತದೆ, ಹುಡುಕುವುದನ್ನು ಅಲ್ಲಿಂದ ಶುರುಮಾಡಬಹುದು. ದಿನಾ ಹಾಕುವ ಅಂಗಿಗೆ ಒಳಜೇಬು ಹೊಲಿಸಿ ಅದರಲ್ಲಿಡಿ. ನಿಮ್ಮ ಫೋನಿನ ಜೊತೆಗೇ ಚಾರ್ಜಿಗೆ ಹಾಕಿ. ಇದಕ್ಕಿಂತ ಅಗ್ಗವಾದದ್ದು, ಬಾಗಿಲು ತೆರೆದೊಡನೆ ಕೂಗುವ ಅಯಸ್ಕಾಂತದ ಅಲಾರಂ. ನನ್ನನ್ನು ಕೇಳಿದರೆ ಮೊದಲು ಅದನ್ನೇ ತನ್ನಿ. ಮಗ ಬೆಂಗಳೂರಿನಲ್ಲಿ ಕೂತು ಕ್ಯಾಮೆರಾದಲ್ಲಿ ನೋಡುವುದು ಆರೈಕೆಯಲ್ಲ, ತಿಂಗಳಿಗೆರಡು ರಾತ್ರಿ ಬಂದು ಕಾವಲಿದ್ದರೆ ಸೊಸೆ ನಿದ್ದೆ ಮಾಡುತ್ತಾಳೆ.

ನೋಡಿಕೊಳ್ಳುವವರಿಗೂ ಒಂದು ನಂಬರಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416. ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ. ಕೀಪ್ಯಾಡ್ ಫೋನಾದರೂ ಸಾಕು. ಕಾಯಿಲೆಯವರ ಬಗ್ಗೆಯೇ ಕೇಳಬೇಕೆಂದಿಲ್ಲ. ‘ಇವತ್ತು ಅತ್ತೆ ಮೇಲೆ ಕೈಯೆತ್ತಿಬಿಟ್ಟೆ’ ಅನ್ನುವುದನ್ನೂ ಅಲ್ಲಿ ಹೇಳಿಕೊಳ್ಳಬಹುದು.

ಒಂದೆರಡು ದಿನದಲ್ಲೇ ಏಕಾಏಕಿ ಗೊಂದಲ ಹೆಚ್ಚಿ, ಮಂಪರು ಬಂದು, ಊಟ ಬಿಟ್ಟರೆ ಫೋನು ಹಿಡಿದು ಕೂರಬೇಡಿ. ಮೂತ್ರದ ಸೋಂಕೋ ನಿರ್ಜಲೀಕರಣವೋ ಇರಬಹುದು; ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.