ಗಿಟ್ ಭಂಡಾರದ ಹಾನಿ ಮತ್ತು ದುರಸ್ತಿ

ಗಿಟ್ ಎಂಬುದು ಕಡತಗಳಲ್ಲಿ ಕಾಲಕಾಲಕ್ಕೆ ಆಗುವ ಬದಲಾವಣೆಗಳನ್ನು ದಾಖಲಿಸುವ ಆವೃತ್ತಿ ನಿಯಂತ್ರಣ ತಂತ್ರಾಂಶ. ಲಿನಸ್ ಟೋರ್ವಾಲ್ಡ್ಸ್ ಅವರು ೨೦೦೫ರಲ್ಲಿ ಲಿನಕ್ಸ್ ಕರ್ನಲ್‌ನ ಅಭಿವೃದ್ಧಿಗಾಗಿ ಇದನ್ನು ರಚಿಸಿದರು. ಒಂದು ಯೋಜನೆಯ ಸಂಪೂರ್ಣ ಇತಿಹಾಸವನ್ನು ಹೊಂದಿರುವ ಸಂಗ್ರಹಕ್ಕೆ ರೆಪೊಸಿಟರಿ ಅಥವಾ ಭಂಡಾರ ಎಂದು ಹೆಸರು. ಭಂಡಾರಕ್ಕೆ ಹಾನಿಯಾದರೆ ಗಿಟ್ ಅದನ್ನು ಗುರುತಿಸಬಲ್ಲದು. ಆದರೆ ಕಳೆದುಹೋದುದನ್ನು ಮರಳಿ ಪಡೆಯಲು ಸಾಮಾನ್ಯವಾಗಿ ಸುಸ್ಥಿತಿಯಲ್ಲಿರುವ ಇನ್ನೊಂದು ಪ್ರತಿ ಬೇಕಾಗುತ್ತದೆ.

ರಚನೆ

ಕಡತಗಳ ಒಳಪಾಠ, ಕಡತಕೋಶಗಳ ಪಟ್ಟಿ ಮತ್ತು ಕಮಿಟ್‌ಗಳನ್ನು ಗಿಟ್ ಪ್ರತ್ಯೇಕ ಆಬ್ಜೆಕ್ಟ್‌ಗಳಾಗಿ ಉಳಿಸುತ್ತದೆ. ಪ್ರತಿಯೊಂದರ ಹೆಸರೂ ಅದರ ಒಳಪಾಠದಿಂದಲೇ ಲೆಕ್ಕಹಾಕಿದ ಹ್ಯಾಶ್ ಆಗಿರುತ್ತದೆ. ಎಸ್‌ಎಚ್‌ಎ-೧ ಪದ್ಧತಿಯಲ್ಲಿ ಇದು ೪೦ ಅಕ್ಷರಗಳಷ್ಟು ಉದ್ದವಿರುತ್ತದೆ. ಒಂದೇ ಒಂದು ಬಿಟ್ ಬದಲಾದರೂ ಹೆಸರಿಗೂ ಒಳಪಾಠಕ್ಕೂ ತಾಳೆಯಾಗುವುದಿಲ್ಲ. ಪ್ರತಿ ಕಮಿಟ್ ತನ್ನ ಹಿಂದಿನ ಕಮಿಟ್‌ನ ಹೆಸರನ್ನು ಒಳಗೊಂಡಿರುವುದರಿಂದ, ಒಂದು ಕೊಂಡಿ ಕಳಚಿದರೆ ಅದಕ್ಕೂ ಹಿಂದಿನ ಇತಿಹಾಸದ ದಾರಿ ತಪ್ಪುತ್ತದೆ.

ಕಾರಣಗಳು

ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾಗುವುದು, ಡಿಸ್ಕ್‌ನ ದೋಷ, ಕಡತ ವ್ಯವಸ್ಥೆಯ ದೋಷ ಹಾಗೂ ಗಿಟ್‌ನ ಒಳಕಡತಗಳನ್ನು ಕೈಯಾರೆ ಅಳಿಸುವುದು ಪ್ರಮುಖ ಕಾರಣಗಳು. ವಿದ್ಯುತ್ ಕಡಿತದ ನಂತರ ಕೆಲವೊಮ್ಮೆ ಶೂನ್ಯ ಗಾತ್ರದ ಆಬ್ಜೆಕ್ಟ್‌ಗಳು ಉಳಿದಿರುತ್ತವೆ.

ದುರಸ್ತಿಯ ಕ್ರಮ

ಯಾವುದೇ ದುರಸ್ತಿಗೆ ಮೊದಲು ಇಡೀ ಕಡತಕೋಶವನ್ನು ಇದ್ದ ಸ್ಥಿತಿಯಲ್ಲಿಯೇ ಬೇರೆಡೆಗೆ ನಕಲು ಮಾಡಿಡಬೇಕು. ಅನಂತರ 'ಗಿಟ್ ಎಫ್‌ಎಸ್‌ಸಿಕೆ' ಆದೇಶವು ಕೆಟ್ಟಿರುವ ಮತ್ತು ಕಾಣೆಯಾಗಿರುವ ಆಬ್ಜೆಕ್ಟ್‌ಗಳನ್ನು ಪಟ್ಟಿಮಾಡುತ್ತದೆ. ಅದು 'ಡ್ಯಾಂಗ್ಲಿಂಗ್' ಎಂದು ತೋರಿಸುವ ಆಬ್ಜೆಕ್ಟ್‌ಗಳು ಹಾನಿಗೊಂಡವಲ್ಲ. ಕಳೆದುಹೋಯಿತೆಂದು ಭಾವಿಸಿದ ಕೆಲಸ ಅವುಗಳಲ್ಲಿಯೇ ಸಿಗುವುದುಂಟು.

ಇಂಡೆಕ್ಸ್ ಕಡತ ಮಾತ್ರ ಕೆಟ್ಟಿದ್ದರೆ ಅದನ್ನು ಅಳಿಸಿ 'ಗಿಟ್ ರಿಸೆಟ್' ಮೂಲಕ ಮತ್ತೆ ರಚಿಸಬಹುದು. ಶಾಖೆಯ ಗುರುತು ಹಾಳಾಗಿದ್ದರೆ ಅದು ಕೊನೆಯದಾಗಿ ಸೂಚಿಸಿದ ಕಮಿಟ್‌ನ ಹೆಸರು ರೆಫ್‌ಲಾಗ್‌ನಲ್ಲಿ ದೊರೆಯುತ್ತದೆ. ಕಾಣೆಯಾದ ಆಬ್ಜೆಕ್ಟ್‌ಗಳನ್ನು ಸಹೋದ್ಯೋಗಿಯ ಪ್ರತಿಯಿಂದ ತರಬಹುದು. ಮೂಲ ಕಡತವು ಬದಲಾಗದೆ ಉಳಿದಿದ್ದರೆ 'ಗಿಟ್ ಹ್ಯಾಶ್-ಆಬ್ಜೆಕ್ಟ್' ಆದೇಶದಿಂದ ಅದರ ಆಬ್ಜೆಕ್ಟನ್ನು ಪುನಃ ರಚಿಸಬಹುದು. ಇವಾವುವೂ ಫಲಿಸದಿದ್ದರೆ ಸರ್ವರಿನಿಂದ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ. ಸರ್ವರಿಗೆ ಕಳುಹಿಸದೆ ಉಳಿದಿದ್ದ ಕಮಿಟ್‌ಗಳು ಆ ಹೊಸ ಪ್ರತಿಯಲ್ಲಿ ಇರುವುದಿಲ್ಲ.

ಕೆಡಿಇ ಘಟನೆ

೨೦೧೩ರ ಮಾರ್ಚ್‌ನಲ್ಲಿ ಕೆಡಿಇ ಮುಕ್ತ ತಂತ್ರಾಂಶ ಸಮುದಾಯದ ಕೇಂದ್ರ ಸರ್ವರಿನ ಕಡತ ವ್ಯವಸ್ಥೆ ಹಾಳಾಯಿತು. ಪ್ರತಿಬಿಂಬ ಸರ್ವರ್‌ಗಳು ಕೇಂದ್ರವನ್ನು ಯಥಾವತ್ತಾಗಿ ಅನುಸರಿಸುತ್ತಿದ್ದುದರಿಂದ ಹಾನಿಯು ಅವುಗಳಿಗೂ ಹರಡಿತು. ಬೇರೊಂದು ಸರ್ವರಿನಲ್ಲಿ ಇತ್ತೀಚಿನ ಪ್ರತಿಯೊಂದು ಉಳಿದಿದ್ದರಿಂದ ಸುಮಾರು ೧೫೦೦ ಭಂಡಾರಗಳು ಉಳಿದುಕೊಂಡವು. ಪ್ರತಿಬಿಂಬವು ಬ್ಯಾಕಪ್‌ಗೆ ಬದಲಿಯಲ್ಲ ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಮುನ್ನೆಚ್ಚರಿಕೆ

ಬೇರೆ ಬೇರೆ ದಿನಾಂಕಗಳ ಬ್ಯಾಕಪ್‌ಗಳನ್ನು ಪ್ರತ್ಯೇಕವಾಗಿ ಇಡುವುದು, ಅವುಗಳನ್ನು ತೆಗೆಯುವ ಮೊದಲು 'ಎಫ್‌ಎಸ್‌ಸಿಕೆ' ಮೂಲಕ ಭಂಡಾರವನ್ನು ಪರೀಕ್ಷಿಸುವುದು ಮತ್ತು ಕಮಿಟ್‌ಗಳನ್ನು ತಡಮಾಡದೆ ಸರ್ವರಿಗೆ ಕಳುಹಿಸುವುದು ಸೂಕ್ತ. 'ಗಿಟ್ ಬಂಡಲ್' ಆದೇಶವು ಭಂಡಾರದ ಇತಿಹಾಸವನ್ನು ಒಂದೇ ಕಡತವಾಗಿ ಕಟ್ಟಿಕೊಡುವುದರಿಂದ ಅದನ್ನು ಬೇರೆ ಸ್ಥಳದಲ್ಲಿ ಕಾಪಿಡುವುದು ಸುಲಭ.