ಇಗುವಾನಾ ಮನೆಗೆ ತರೋ ಮುಂಚೆ

ಅಂಗೈಯಲ್ಲಿ ಕೂರೋ ಈ ಹಸಿರು ಇಗುವಾನಾ ಮರಿ ಮುದ್ದಾಗಿದೆ, ನಿಜ. ಆದ್ರೆ ಕೆಲವೇ ವರ್ಷದಲ್ಲಿ ಬಾಲ ಸೇರಿ 5 ಅಡಿ ದಾಟಬಹುದು. ಚೆನ್ನಾಗಿ ಸಾಕಿದ್ರೆ 15 ವರ್ಷ ಬದುಕಬಹುದು. ಮರ ಹತ್ತೋ ಪ್ರಾಣಿ ಇದು. ಮೀನಿನ ತೊಟ್ಟಿ ಸಾಲದು, ಆಳೆತ್ತರದ ಗೂಡು, ದಪ್ಪ ಕೊಂಬೆ ಬೇಕು.

ಎಲ್ಲಕ್ಕಿಂತ ಮುಖ್ಯ ಬಿಸಿಲು. ಕಿಟಕಿ ಗಾಜಿನ ಹಿಂದೆ ಇಟ್ಟರೆ ಮೈ ಬೆಚ್ಚಗಾಗುತ್ತೆ ಅಷ್ಟೆ. ಮೂಳೆಗೆ ಬೇಕಾದ ಯುವಿಬಿ ಕಿರಣವನ್ನ ಗಾಜು ತಡೆದುಬಿಡುತ್ತೆ. ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ದವಡೆ ಮೆತ್ತಗಾಗುತ್ತೆ, ಕಾಲು ಊದಿ ಸೊಟ್ಟಗಾಗುತ್ತೆ, ಕೊನೆಗೆ ಮೈ ಎತ್ತಿ ನಡೆಯೋಕೂ ಆಗಲ್ಲ. ಆ ನರಳಾಟ ನೋಡೋಕಾಗಲ್ಲ. ನಿಜವಾದ ಬಿಸಿಲು ಇಲ್ಲಾಂದ್ರೆ ಯುವಿಬಿ ದೀಪ ಹಾಕಲೇಬೇಕು. ನುಗ್ಗೆಸೊಪ್ಪು, ದಾಸವಾಳದ ಎಲೆ ಕೊಡಿ. ಪಾಲಕ್ ದಿನಾ ಬೇಡ, ಮಾಂಸ ಬೇಡವೇ ಬೇಡ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪುಟ್ಟ ಮಕ್ಕಳಿರೋ ಮನೆಗೆ ನಾನಂತೂ ಬೇಡ ಅಂತೀನಿ.

ಇದು ವಿದೇಶಿ ಪ್ರಾಣಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಇನ್ನು ನಮ್ಮ ಉಡವನ್ನ ಸಾಕೋ ಹಾಗೇ ಇಲ್ಲ, ಅದು ಅಪರಾಧ.

ಸರೀಸೃಪ ನೋಡೋ ಪಶುವೈದ್ಯರು ನಿಮ್ಮೂರಲ್ಲಿ ಇದ್ದಾರಾ? ಅಂಗಡಿಗೆ ಮುಂಗಡ ಕೊಡೋ ಮುಂಚೆ ಅವರಿಗೊಂದು ಫೋನ್ ಮಾಡಿ.