ಹಿತ್ತಲಿನ ಬೆಂಕಿಗುಂಡಿ: ಅದರ ರಚನೆಯೂ ಉಪಯೋಗದಲ್ಲಿ ಅನುಸರಿಸತಕ್ಕ ನಿಯಮಗಳೂ

ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಚಳಿಯು ಬಲವಾದೊಡನೆ ಹಿತ್ತಲಿನಲ್ಲಾಗಲಿ ಕಣದ ಮಗ್ಗುಲಲ್ಲಾಗಲಿ ಒಂದು ಗುಂಡಿಯನ್ನು ತೋಡಿ, ಬೆಂಕಿ ಹಾಕಿ, ಮೈ ಕಾಯಿಸಿಕೊಳ್ಳುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಉಂಟು. ಕಣದ ಕಾವಲಿಗೆ ಮಲಗುವ ಆಳುಗಳಿಗೂ, ನಸುಕಿನಲ್ಲೆದ್ದು ದನಗಳಿಗೆ ಮೇವು ಹಾಕುವವರಿಗೂ ಇದರಿಂದ ಬಹಳ ಅನುಕೂಲವಾಗುತ್ತದೆ. ಆದರೆ ರಾಗಿ ಭತ್ತಗಳ ಕೊಯ್ಲು ಮುಗಿದು, ಒಕ್ಕದ ತೆನೆಯ ಮೆದೆಗಳೂ ಹುಲ್ಲಿನ ಬಣವೆಗಳೂ ಮನೆಗಳ ಮಧ್ಯದಲ್ಲಿ ನಿಲ್ಲುವ ಕಾಲವೂ ಇದೇ ಆಗಿದೆ. ಬಣವೆಯೊಂದು ಸುಟ್ಟರೆ ಒಂದು ಕುಟುಂಬದ ದನಗಳಿಗೆ ವರ್ಷದ ಮೇವು ಇಲ್ಲದಂತಾಗುವುದು. ಮೇವಿಲ್ಲದ ರೈತನು ಮುಂಗಾರಿಗೆ ಮೊದಲೇ ಎತ್ತುಗಳನ್ನು ಸಿಕ್ಕಿದ ಬೆಲೆಗೆ ಮಾರಬೇಕಾಗಿ ಬರುವುದು. ಆದಕಾರಣ ಈ ಬೆಂಕಿಯ ವಿಷಯದಲ್ಲಿ ಕೆಲವು ನಿಯಮಗಳನ್ನು ಊರಿನ ಮುಖಂಡರೂ ಜಮೀನುದಾರರೂ ತಿಳಿದು ಇತರರಿಗೂ ತಿಳಿಸುವುದು ಅವಶ್ಯಕವು.

ಅಪಾಯವು ಯಾವಾಗ?

ಬೆಂಕಿಯನ್ನು ಹೊತ್ತಿಸುವಾಗ ಸುತ್ತಲೂ ಜನರಿರುತ್ತಾರೆ, ಕಣ್ಣುಗಳೂ ಅದರ ಮೇಲೆಯೇ ಇರುತ್ತವೆ. ಆದರೆ ಉರಿಯು ಇಳಿದು, ಜನರು ಎದ್ದುಹೋದ ಮೇಲೆ ಅದನ್ನು ನೋಡುವವರೇ ಇರುವುದಿಲ್ಲ. ಬೆಂಕಿ ಆರಿತೆಂದು ತಿಳಿದು ಅದರ ಮೇಲೆ ಎರಡು ಹಿಡಿ ಮಣ್ಣನ್ನೋ ಬೂದಿಯನ್ನೋ ಎಳೆದು ಹೋಗುವುದು ಸಾಮಾನ್ಯವಾಗಿದೆ. ಇದು ದೊಡ್ಡ ತಪ್ಪು. ಬೆಂಕಿಪೆಟ್ಟಿಗೆಯು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಹೆಂಗಸರು ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಅದನ್ನೇ ಕೆದಕಿ ಊದಿ ಒಲೆ ಹಚ್ಚುತ್ತಿದ್ದರು. ಬೂದಿಯು ಕೆಂಡದ ಕಾವು ಹೊರಗೆ ಹೋಗದಂತೆ ತಡೆಯುವುದರಿಂದಲೂ, ಗಾಳಿಯನ್ನು ಅತಿ ಸ್ವಲ್ಪವಾಗಿ ಬಿಡುವುದರಿಂದಲೂ ಕೆಂಡವು ಬೇಗ ಉರಿದುಹೋಗದೆ ಬಹಳ ಹೊತ್ತು ನಿಲ್ಲುತ್ತದೆ. ಆದುದರಿಂದ ಬೂದಿ ಮುಚ್ಚುವುದು ಬೆಂಕಿಯನ್ನು ಕಾಪಾಡುವ ಉಪಾಯವೇ ಹೊರತು ಆರಿಸುವ ಉಪಾಯವಲ್ಲ. ಮರುದಿನ ಆ ಬೂದಿಯನ್ನು ಬಾಚಿ ಬಣವೆಯ ಪಕ್ಕದ ತಿಪ್ಪೆಗೆ ಸುರಿದರೆ, ಮಧ್ಯಾಹ್ನದ ಗಾಳಿಗೆ ಒಳಗಿನ ಕೆಂಡವು ಕೆದರಿ ಹುಲ್ಲಿಗೆ ಹಾರಬಹುದು.

ಸ್ಥಳ

ಗುಂಡಿಯು ಮನೆ, ಕೊಟ್ಟಿಗೆ ಮತ್ತು ಬೇಲಿಗಳಿಂದ ೨೫ ಅಡಿಗಳಿಗೆ ಕಡಮೆಯಿಲ್ಲದಷ್ಟು ದೂರವಿರತಕ್ಕದ್ದು. ಹುಲ್ಲಿನ ಬಣವೆ, ತೆನೆಯ ಮೆದೆ, ಸೋಗೆಯ ಅಥವಾ ಹುಲ್ಲಿನ ಛಾವಣಿ ಇವುಗಳಿಂದ ೫೦ ಅಡಿಗಳಿಗೂ ಹೆಚ್ಚು ದೂರವಿರುವುದು ಒಳ್ಳೆಯದು. ಮರದ ಕೊಂಬೆಗಳ ಕೆಳಗೂ ವಿದ್ಯುತ್ ತಂತಿಗಳ ಕೆಳಗೂ ಬೆಂಕಿ ಹಾಕಕೂಡದು. ಡೀಸೆಲ್, ಸೀಮೆಎಣ್ಣೆಗಳ ಡಬ್ಬಗಳನ್ನು ಸಮೀಪದಲ್ಲಿಡಕೂಡದು.

ಚಳಿಗಾಲದಲ್ಲಿ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಮೂಡಲ ಗಾಳಿಯು ಬೀಸುತ್ತದೆ. ಆದಕಾರಣ ಗುಂಡಿಯನ್ನು ಬಣವೆಯ ಪಡುವಲ ಕಡೆಗೆ ಮಾಡಿದರೆ ಕಿಡಿಗಳು ಬಣವೆಯಿಂದ ದೂರಕ್ಕೆ ಹೋಗುವುವು. ಆದರೂ ಗಾಳಿಯು ದಿಕ್ಕು ಬದಲಿಸುವುದುಂಟು. ಹೊತ್ತಿಸುವುದಕ್ಕೆ ಮೊದಲು ಒಂದು ಹಿಡಿ ಹೊಟ್ಟನ್ನು ಎತ್ತರದಿಂದ ಬಿಟ್ಟು ಅದು ಯಾವ ಕಡೆಗೆ ಹಾರುವುದೆಂದು ನೋಡಬೇಕು. ಗಾಳಿ ಬಲವಾಗಿರುವ ದಿನ ಬೆಂಕಿ ಹಾಕದಿರುವುದೇ ಲೇಸು.

ಗುಂಡಿಯ ರಚನೆ

ಮೂರು ಅಡಿ ಅಗಲ, ಒಂದು ಅಡಿ ಆಳವಿರುವ ಗುಂಡಿಯು ಏಳೆಂಟು ಮಂದಿ ಸುತ್ತ ಕೂರುವುದಕ್ಕೆ ಸಾಕು. ಅಂಚಿಗೆ ಒಣಗಿದ ಕಲ್ಲುಗಳನ್ನೋ ಸುಟ್ಟ ಇಟ್ಟಿಗೆಗಳನ್ನೋ ಒಂದು ಅಡಿ ಎತ್ತರಕ್ಕೆ ಜೋಡಿಸಬೇಕು. ಹೊಳೆ ಹಳ್ಳಗಳಿಂದ ತಂದ ಕಲ್ಲುಗಳಲ್ಲಿ ನೀರು ಸೇರಿದ್ದು, ಕಾದಾಗ ಅದು ಆವಿಯಾಗಿ ಕಲ್ಲನ್ನು ಸಿಡಿಸುವುದರಿಂದ ಅಂಥವುಗಳನ್ನು ಉಪಯೋಗಿಸಕೂಡದು. ಸುತ್ತಲೂ ೧೦ ಅಡಿಗಳವರೆಗೆ ಹುಲ್ಲು, ತರಗು, ಹೊಟ್ಟುಗಳನ್ನು ಗುಡಿಸಿ ನೆಲವನ್ನು ಬರಿದು ಮಾಡಬೇಕು. ಎರಡು ಕೊಡ ನೀರನ್ನೂ ಒಂದು ಸಲಿಕೆಯನ್ನೂ ಪಕ್ಕದಲ್ಲಿಟ್ಟ ಮೇಲೆಯೇ ಕಡ್ಡಿ ಗೀರತಕ್ಕದ್ದು.

ಉರಿಸತಕ್ಕ ಪದಾರ್ಥಗಳು

ಒಣಗಿದ ಸೌದೆಯೇ ಉತ್ತಮವು. ಸೀಮೆಎಣ್ಣೆ, ಪೆಟ್ರೋಲುಗಳನ್ನು ಸುರಿದು ಹೊತ್ತಿಸಕೂಡದು; ಪೆಟ್ರೋಲಿನ ಆವಿಯು ಸುತ್ತಲೂ ಹರಡಿ ಒಮ್ಮೆಗೇ ಭುಗಿಲೆಂದು ಹೊತ್ತಿ ಮುಖವನ್ನೇ ಸುಡುವುದು. ಟೈರು, ಪ್ಲಾಸ್ಟಿಕ್ಕು, ಬಣ್ಣ ಬಳಿದ ಹಲಗೆ, ಕೀಟನಾಶಕದ ಡಬ್ಬ ಇವುಗಳ ಹೊಗೆಯು ವಿಷವಾದುದು. ಕಣಗಿಲೆಯ ಕಡ್ಡಿಗಳ ಹೊಗೆಯೂ ಹಾಗೆಯೇ. ಕಸವನ್ನು ಬಯಲಿನಲ್ಲಿ ಸುಡುವುದನ್ನು ೨೦೧೬ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದವು.

ಉರಿಯುತ್ತಿರುವ ಗುಂಡಿಯ ಬಳಿ ಯಾವಾಗಲೂ ವಯಸ್ಕರೊಬ್ಬರು ಇರಬೇಕು. ಮಕ್ಕಳನ್ನು ಮೂರು ಅಡಿ ದೂರದಲ್ಲಿ ಕೂರಿಸಬೇಕು. ಸೆರಗನ್ನು ಸಿಕ್ಕಿಸಿಕೊಳ್ಳಬೇಕು, ನೈಲಾನು, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟುವುದರಿಂದ ಹತ್ತಿ ಅಥವಾ ಉಣ್ಣೆಯ ಬಟ್ಟೆಗಳನ್ನೇ ಧರಿಸುವುದು ಮೇಲು. ಚಳಿಯು ಹೆಚ್ಚಾಯಿತೆಂದು ಕೆಂಡವನ್ನು ಬಾಣಲೆಯಲ್ಲಿ ತುಂಬಿ ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗುವುದು ಪ್ರಾಣಾಪಾಯಕರವು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರೆಯಲ್ಲಿರುವವರು ಎಚ್ಚರವಾಗದೆಯೇ ಸಾಯುವರು.

ಆರಿಸುವ ಕ್ರಮ

ಮಲಗುವುದಕ್ಕೆ ಅರ್ಧ ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಬೇಕು. ಬಳಿಕ ನೀರನ್ನು ಒಮ್ಮೆಗೇ ಸುರಿಯದೆ, ಆವಿಯು ಮುಖಕ್ಕೆ ಬಡಿಯದಂತೆ ದೂರ ನಿಂತು ಚಿಮುಕಿಸಬೇಕು. ಕೋಲಿನಿಂದ ಬೂದಿಯನ್ನು ತಳದವರೆಗೆ ಕೆದಕಿ ಪುನಃ ನೀರು ಹಾಕಬೇಕು. ಚುಂಯ್ ಎಂಬ ಶಬ್ದವೂ ಹೊಗೆಯೂ ನಿಲ್ಲುವವರೆಗೆ ಹೀಗೆ ಮಾಡಿ, ಕಡೆಗೆ ಮುಂಗೈಯ ಹಿಂಭಾಗವನ್ನು ಬೂದಿಯ ಸಮೀಪಕ್ಕೆ ಹಿಡಿದು ನೋಡಬೇಕು. ಬಿಸಿಯು ತಗಲಿದರೆ ಬೆಂಕಿ ಇನ್ನೂ ಇದೆಯೆಂದೇ ತಿಳಿಯತಕ್ಕದ್ದು.

ನೀರಿನಿಂದ ಬೂದಿಯ ಸಾರವು ಹೋಗುವುದೆಂದು ಕೆಲವರು ಹಿಂಜರಿಯುವರು. ಬೂದಿಯಲ್ಲಿರುವ ಪೊಟ್ಯಾಷು ನೀರಿನಲ್ಲಿ ಕರಗುವುದು ನಿಜವೇ. ಆದರೆ ಆ ನಷ್ಟವು ಬಣವೆಯ ಬೆಲೆಯ ಮುಂದೆ ಅತ್ಯಲ್ಪವು. ಪೂರ್ತಿ ತಣ್ಣಗಾದ ಬೂದಿಯನ್ನು ತೆಂಗು ಬಾಳೆಗಳ ಪಾತಿಗೆ ಹಾಕಬಹುದು. ಚೌಳು ಭೂಮಿಗೆ ಹಾಕಕೂಡದು. ಅಮೋನಿಯಂ ಸಲ್ಫೇಟಿನೊಡನೆ ಬೆರೆಸಿದರೆ ಅದರ ಸಾರಜನಕವು ಹಾರಿಹೋಗುವುದು.

ಅಪಘಾತವಾದಾಗ

ಬಟ್ಟೆಗೆ ಬೆಂಕಿ ಹತ್ತಿದವರು ಓಡಕೂಡದು. ಅವರನ್ನು ನೆಲದ ಮೇಲೆ ಮಲಗಿಸಿ ಉರುಳಿಸಬೇಕು, ಇಲ್ಲವೆ ದಪ್ಪ ಕಂಬಳಿಯನ್ನು ಹೊದಿಸಿ ಉರಿಯನ್ನು ಅಡಗಿಸಬೇಕು. ಸುಟ್ಟ ಭಾಗದ ಮೇಲೆ ೨೦ ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಟ್ಟು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟುಗಳನ್ನು ಬಳಿಯಕೂಡದು. ಬಣವೆಗೆ ಬೆಂಕಿ ಬಿದ್ದರೆ ಮೊದಲು ಸಮೀಪದ ಕೊಟ್ಟಿಗೆಯ ದನಗಳ ಹಗ್ಗವನ್ನು ಕೊಯ್ದು ಬಿಡಬೇಕು. ೧೦೧ ಅಥವಾ ೧೧೨ಕ್ಕೆ ದೂರವಾಣಿ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು.

ಕಾನೂನು ಮತ್ತು ಮುಖಂಡರ ಕರ್ತವ್ಯ

ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ಅಲಕ್ಷ್ಯದಿಂದ ನಡೆಯುವುದು, ೨೦೨೪ನೇ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೮೭ನೇ ಪ್ರಕರಣದ ಮೇರೆಗೆ ಅಪರಾಧವು. ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ, ೨,೦೦೦ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡೂ ವಿಧಿಸಲ್ಪಡಬಹುದು. ಕಾಡಿನ ಅಂಚಿನ ಹಳ್ಳಿಗಳವರು ಮತ್ತಷ್ಟು ಜಾಗರೂಕರಾಗಿರಬೇಕು. ಮೀಸಲು ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಾಕುವುದನ್ನು ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯು ನಿಷೇಧಿಸುತ್ತದೆ. ಒಣಹುಲ್ಲಿನಲ್ಲಿ ಬೆಂಕಿಯು ಎಷ್ಟು ಬೇಗ ಹಬ್ಬುವುದೆಂಬುದಕ್ಕೆ ೨೦೧೯ನೇ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುದೇ ಸಾಕ್ಷಿಯಾಗಿದೆ.

ಆದರೆ ಶಿಕ್ಷೆಯಿಂದ ಸುಟ್ಟ ಮೇವು ಹಿಂದಿರುಗುವುದಿಲ್ಲ. ಆದಕಾರಣ ಸುಗ್ಗಿಯು ಪ್ರಾರಂಭವಾಗುವುದಕ್ಕೆ ಮೊದಲು ಮುಖಂಡರು ಊರಿನ ಕಣಗಳನ್ನೂ ಹಿತ್ತಲುಗಳನ್ನೂ ಒಂದಾವರ್ತಿ ನೋಡಿಬಂದು, ಬಣವೆಗೆ ಸಮೀಪವಾಗಿರುವ ಗುಂಡಿಗಳನ್ನು ಮುಚ್ಚಿಸತಕ್ಕದ್ದು. ಜಮೀನುದಾರರು ಕಾವಲಿನ ಆಳುಗಳಿಗೆ ನೀರಿನ ಕೊಡಗಳನ್ನು ಒದಗಿಸಿ, ಪ್ರತಿ ರಾತ್ರಿಯೂ ಗುಂಡಿಯನ್ನು ಆರಿಸಿ ಕೈಯಿಟ್ಟು ನೋಡುವ ಹೊಣೆಯನ್ನು ಒಬ್ಬ ನಿರ್ದಿಷ್ಟ ಮನುಷ್ಯನಿಗೆ ವಹಿಸಬೇಕು. ಎಲ್ಲರ ಕೆಲಸವೆಂದು ಬಿಟ್ಟರೆ ಅದನ್ನು ಯಾರೂ ಮಾಡುವುದಿಲ್ಲ.